ಕೊಲಂಬೊದ ಕಪ್ಪು ಲೇಹ್ಯ

ದೂರದೇಶಕ್ಕೆ ಹೋಗಿಬಂದವನನ್ನು ನಮ್ಮ ಕಡೆಯವರು ಮೊದಲು ಕೇಳುವುದು, ಅಲ್ಲಿ ಏನೇನು ನೋಡಿದಿರಿ ಎಂದು. ನನ್ನನ್ನೂ ಶಿರಸಿಯಲ್ಲಿ, ಸಿದ್ದಾಪುರದಲ್ಲಿ, ಯಲ್ಲಾಪುರದ ಬೀಗರ ಮನೆಯಲ್ಲಿ ಹಲವರು ಕೇಳಿದರು. ಸಿಂಹಳದ್ವೀಪದಲ್ಲಿ ನಾನು ಒಂದೂವರೆ ತಿಂಗಳಿದ್ದೆ. ಆದರೆ ಅಲ್ಲಿಯ ಬೆಟ್ಟದ ಚಹದ ತೋಟಗಳನ್ನು ನೋಡಲಿಲ್ಲ, ಹೆಸರಾದ ಬೌದ್ಧ ವಿಹಾರಗಳನ್ನು ನೋಡಲಿಲ್ಲ. ನೋಡಿದ್ದು ಒಂದು ಆಸ್ಪತ್ರೆಯ ಜಗಲಿಯನ್ನು, ಅದರೆದುರಿನ ಒಂದು ಹಲಸಿನ ಜಾತಿಯ ಮರವನ್ನು, ಮತ್ತು ಗಾಜಿನ ಕೊಳವೆಯೊಳಗಿಂದ ಮನುಷ್ಯರಕ್ತವನ್ನು. ಅಷ್ಟನ್ನೇ ಇಲ್ಲಿ ನಿವೇದಿಸುತ್ತೇನೆ. ಇದರಲ್ಲಿ ನನ್ನ ತಪ್ಪೊಂದು ಇದೆ. ಅದನ್ನು ಬಿಟ್ಟು ಬರೆಯುವುದಾದರೆ ಈ ಪ್ರವಾಸವನ್ನು ಬರೆಯಬೇಕಾದ್ದೇ ಇಲ್ಲ.

ಶಿರಸಿಯ ಮೋಟಾರು ಕಟ್ಟೆ

ದೀಪಾವಳಿ ಮುಗಿದ ಮರುದಿನ ಸಿದ್ದಾಪುರದ ಅಂಚೆಮನೆಯಿಂದ ಒಂದು ತಂತಿ ಬಂತು. ಕಳಿಸಿದವನು ನನ್ನ ಅಳಿಯ ಮಹಾಬಲ. ಅವನು ಕೊಲಂಬೊದಲ್ಲಿ ಏಲಕ್ಕಿ, ಮೆಣಸುಗಳ ವ್ಯಾಪಾರದ ಕಚೇರಿಯೊಂದರಲ್ಲಿ ಕಾರಕೂನ. "ಸಾವಿತ್ರಿ ಆಸ್ಪತ್ರೆಯಲ್ಲಿ. ಔಷಧ ಒಲ್ಲಳು. ತಾವೇ ಬರಬೇಕು" ಎಂದಷ್ಟೇ ಅದರಲ್ಲಿತ್ತು. ಸಾವಿತ್ರಿ ನನ್ನ ಕಿರಿಯ ಮಗಳು, ಆಗ ಏಳು ತಿಂಗಳ ಬಸುರಿ. ಅವಳ ಅಕ್ಕ ಕೆಲವು ವರ್ಷಗಳ ಹಿಂದೆ ಇದೇ ಸ್ಥಿತಿಯಲ್ಲಿ, ಮೈ ಬಿಳಿಚಿ, ಕಾಲು ಬಾತು, ನನ್ನ ಕಣ್ಣೆದುರೇ ತೀರಿಕೊಂಡಿದ್ದಳು. ಮಲೆನಾಡಿನ ಚಳಿಜ್ವರದಿಂದ ಹೊಟ್ಟೆಯಲ್ಲಿ ಬೆಳೆಯುವ ಗಡ್ಡೆಯೆಂದು ನಾವು ತಿಳಿದಿದ್ದೆವು. ನಾನು ಹೇರೂರಿನ ಬಳಿ ವೈದಿಕವೃತ್ತಿಯಿಂದ ಬಾಳಿಕೊಂಡಿರುವವನು. ಅಜ್ಜನಿಂದ ಬಂದ ವೈದ್ಯವೂ ಸ್ವಲ್ಪ ಉಂಟು. ನನಗೆ ತಿಳಿದ ಮದ್ದನ್ನೆಲ್ಲ ಆ ಮಗಳಿಗೆ ಕೊಟ್ಟಿದ್ದೆ.

ಶಿರಸಿಯಿಂದ ಹಾವೇರಿಗೆ ಹೋಗುವ ಮೋಟಾರಿನ ಸಾರಥಿ ಖಾದರ ಸಾಹೇಬ ನನ್ನನ್ನು ಬಹುಕಾಲದಿಂದ ಬಲ್ಲವನು. ನಾನು ಹೊರಟ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

"ಏನ್ ಭಟ್ರೇ, ಲಂಕೆಗೆ ಹೊಂಟ್ರಂತೆ! ಬಾಲ ಎಲ್ಲಿ ಮರ್ತು ಬಂದ್ರಿ?" ಎಂದು ಅವನು ಕೂಗಿದಾಗ ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

"ಮಗಳಿಗೆ ಸೀಕು, ಖಾದರ" ಎಂದೆ.

ಅವನ ಮುಖದ ನಗೆ ಇಳಿಯಿತು. ನನ್ನ ಕೈಯಲ್ಲಿದ್ದ ದೇವರ ಪೆಟ್ಟಿಗೆಯನ್ನು ನೋಡಿ, ಅದನ್ನು ಮುಟ್ಟದೆ, ತನ್ನ ಪಕ್ಕದ ಬಾಗಿಲನ್ನು ತೆರೆದು ನಿಂತ. "ಇಲ್ಲಿ ಇಡ್ರಿ. ಹಾವೇರಿ ತನಕ ಈ ಸೀಟಿಗೆ ಒಬ್ಬರನ್ನೂ ಹತ್ತಿಸೂದಿಲ್ಲ" ಎಂದ. ಹಾಗೆಯೇ ನಡೆದುಕೊಂಡ. ಬನವಾಸಿ ಕಡೆಯ ಲಿಂಗವಂತ ವರ್ತಕನೊಬ್ಬ ಮೊಣಕಾಲು ಮಡಚಿಕೊಂಡು ಹಿಂದೆ ಕುಳಿತಿದ್ದ. ಇಳಿಯುವಾಗ ಅವನು, "ಹೋಗಿ ಬರ್ರಿ ಅಜ್ಜಾರ. ಮಗಳನ್ನ ಕರಕೊಂಡಽ ಬರ್ರಿ" ಎಂದು ಕೈಮುಗಿದ. ನಾನೂ ಕೈಮುಗಿದೆ.

ಮಂಡಪಂ

ರೈಲುಗಳ ವಿಚಾರವನ್ನು ಬಿಡುತ್ತೇನೆ. ಅವಲಕ್ಕಿ, ಬೆಲ್ಲ, ಹುರಿಹಿಟ್ಟುಗಳ ಮೇಲೆ ನಾಲ್ಕು ದಿನ ಕಳೆದೆ. ಭೂಮಿ ಮುಗಿದು ಕಡಲು ಮೊದಲಾಗುವ ಹತ್ತಿರ ಮಂಡಪಂ ಎಂಬ ಸ್ಥಳವಿದೆ. ದ್ವೀಪಕ್ಕೆ ಹೋಗುವವರು ರೋಗವನ್ನು ಒಯ್ಯದಿರಲೆಂದು ಸಿಂಹಳ ಸರಕಾರದ ವೈದ್ಯರು ಅಲ್ಲಿ ಎಲ್ಲರನ್ನೂ ಪರೀಕ್ಷಿಸುತ್ತಾರೆ. ಚಹದ ತೋಟಗಳಿಗೆ ಹೋಗುವ ಕೂಲಿಗಳು ಸಾಲಾಗಿ ನಿಂತಿದ್ದರು. ಅವರ ಬಟ್ಟೆಗಂಟುಗಳನ್ನು ದೊಡ್ಡ ಕಬ್ಬಿಣದ ಹಂಡೆಯೊಳಗೆ ಹಬೆಯಲ್ಲಿ ಬೇಯಿಸುತ್ತಿದ್ದರು. ಆ ಸಾಲಿನ ಪಕ್ಕದ ಸಾಲಿನಲ್ಲಿ ನಾನು ನಿಂತೆ.

ವೈದ್ಯನು ತಮಿಳು ಬ್ರಾಹ್ಮಣ ತರುಣ. ಪ್ರತಿಯೊಬ್ಬರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡುತ್ತಿದ್ದ. ನನ್ನ ಸರದಿ ಮುಗಿದ ಮೇಲೆ ದೇವರ ಪೆಟ್ಟಿಗೆಯನ್ನು ತೋರಿಸಿ, ತೆರೆಯಿರಿ ಎಂದು ಸನ್ನೆ ಮಾಡಿದ. ಸ್ನಾನವಿಲ್ಲದವರು ಸಾಲಿಗ್ರಾಮವನ್ನು ಮುಟ್ಟಕೂಡದೆಂದು ನಾನು ಸಂಸ್ಕೃತದಲ್ಲಿ ಹೇಳಿದೆ. ಅವನು ಬೇಸರಪಡದೆ ಎದ್ದು ಹೋಗಿ, ತೊಟ್ಟಿಯ ಬಳಿ ಮೊಣಕೈವರೆಗೆ ಸಾಬೂನು ಹಚ್ಚಿ, ಕಟುವಾಸನೆಯ ಔಷಧಜಲದಲ್ಲಿ ಬೆರಳುಗಳನ್ನು ಅದ್ದಿ, ತೊಟ್ಟಿಕ್ಕುವ ಕೈಗಳನ್ನು ಮೇಲೆತ್ತಿಕೊಂಡು ಬಂದ. ನಾವು ಸಂಧ್ಯಾವಂದನೆಗೆ ಮುಂಚೆ ಅಷ್ಟು ಶ್ರದ್ಧೆಯಿಂದ ಕೈ ತೊಳೆಯುವುದಿಲ್ಲ. ಪೆಟ್ಟಿಗೆಯನ್ನು ನಾನೇ ತೆರೆದೆ. ಅವನು ಮುಟ್ಟಲಿಲ್ಲ, ಬಗ್ಗಿ ನೋಡಿ ಕೈಮುಗಿದ. ನನ್ನ ಮಡಿಯ ಪಂಚೆ ಮಾತ್ರ ಹಬೆಯ ಹಂಡೆಗೆ ಹೋಗಿ, ಕೂಲಿಗಳ ಕಂಬಳಿಗಳ ಜೊತೆ ಬೆಂದು, ಅವುಗಳದೇ ವಾಸನೆಯೊಡನೆ ಹಿಂದಕ್ಕೆ ಬಂತು. ಅದನ್ನೇ ಉಟ್ಟು ಸೇತುವಿನಲ್ಲಿ ಸಂಕಲ್ಪಪೂರ್ವಕ ಸ್ನಾನ ಮಾಡಿದೆ. ಬೇರೆ ಮಡಿಯ ಪಂಚೆ ಇರಲಿಲ್ಲ.

ಸಮುದ್ರಯಾನವು ಒಂದು ಸಂಧ್ಯೆಯಿಂದ ಮತ್ತೊಂದು ಸಂಧ್ಯೆಯವರೆಗೂ ಇಲ್ಲ, ಐದು ಗಳಿಗೆಯ ಮೇಲೆ ಸ್ವಲ್ಪ ಹೆಚ್ಚು. ಹಡಗು ಹೊರಳಾಡಿತು. ನಾನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿಕೊಂಡಿದ್ದೆ. ಆದ್ದರಿಂದ ಕಡಲನ್ನು ವರ್ಣಿಸಲು ನನಗೆ ಅಧಿಕಾರವಿಲ್ಲ.

ಕೊಲಂಬೊ, ಆಸ್ಪತ್ರೆಯ ಜಗಲಿ

ಕೊಲಂಬೊದಲ್ಲಿ ಮಳೆ ನಮ್ಮಲ್ಲಿಯಂತೆ ದಿನವಿಡೀ ಹೊಯ್ಯುವುದಿಲ್ಲ. ಮಧ್ಯಾಹ್ನಕ್ಕೆ ಬಂದು, ಲೆಕ್ಕ ಒಪ್ಪಿಸಿ ಹೋಗುವ ಶಾನುಭೋಗನಂತೆ ಹೊರಟುಹೋಗುತ್ತದೆ. ಬೀದಿಗಳಲ್ಲೆಲ್ಲ ತೆಂಗಿನೆಣ್ಣೆ ಮತ್ತು ಒಣಮೀನಿನ ವಾಸನೆ. ಜನರು ಸೌಮ್ಯರು. ದಾರಿ ಕೇಳಿದರೆ ಬಾಯಲ್ಲಿ ಹೇಳದೆ, ತಮ್ಮ ಕೆಲಸ ಬಿಟ್ಟು ತಿರುವಿನವರೆಗೆ ಜೊತೆಯಲ್ಲಿ ನಡೆದುಬರುತ್ತಾರೆ.

ಸಾವಿತ್ರಿ ಮಂಚದ ಮೇಲೆ ಗೋಡೆಗೊರಗಿ ಕುಳಿತಿದ್ದಳು. ನಾನು ಮೊದಲು ಮಾಡಿದ ಕೆಲಸ, ಮಂಡಪಂನಲ್ಲಿ ಕಂಡಂತೆ, ಅವಳ ಕಣ್ಣಿನ ರೆಪ್ಪೆಯನ್ನು ಎಳೆದು ನೋಡಿದ್ದು. ಒಳಗೆ ಬಾಳೆದಿಂಡಿನ ತಿರುಳಿನಂತೆ ಬೆಳ್ಳಗಿತ್ತು.

"ಬಂದ್ಯಾ ಅಪ್ಪಯ್ಯ?"

"ಬಂದೆ ಕೂಸೇ."

"ಸಾಲಿಗ್ರಾಮ ತಂದ್ಯಾ?"

"ತಂದಿದ್ದೆ."

"ಹಂಗಾರೆ ಅಡ್ಡಿಲ್ಲೆ. ನೀ ನೈವೇದ್ಯ ಮಾಡಿ ಕೊಡು, ಎಂತ ಕೊಟ್ರೂ ತಿಂತೆ. ಆ ನರ್ಸಮ್ಮ ಕೊಡೋದು ಯಂಗೆ ಬೇಡ. ಅದರ ವಾಸನೆ ನೋಡು, ಮಾಂಸದ್ದೇ ಸೈ!"

ಅಳಿಯ ಮಹಾಬಲ ಮಂಚದ ಕಾಲಿನ ಬಳಿ ನಿಂತಿದ್ದ. "ಹೇಳಿ ಹೇಳಿ ಸಾಕಾತು ಮಾವಯ್ಯ. ಯನ್ನ ಮಾತು ಹೇಳಿದ್ರೆ ಗಾಳಿ ಬೀಸಿದಂಗೆ, ನಿಂಗಳ ಮಾತು ಹೇಳಿದ್ರೆ ವೇದ" ಎಂದ. ಅದರಲ್ಲಿ ಕಹಿ ಇರಲಿಲ್ಲ, ದಣಿವಿತ್ತು.

ಓದುಗರಿಗೆ ಇದು ಹಟವೆಂದು ಕಂಡೀತು. ಹಾಗಲ್ಲ. ನಮ್ಮ ಮನೆಯಲ್ಲಿ ದೇವರಿಗೆ ಅರ್ಪಿತವಾಗದ ಅನ್ನ ಯಾರ ಬಾಯಿಗೂ ಹೋಗುವುದಿಲ್ಲ. ಹೊಸ ಪದಾರ್ಥವೊಂದು ಒಳಗೆ ಬರಬೇಕಾದರೆ ಮನೆಯ ಹಿರಿಯನು ಅದನ್ನು ಸಾಲಿಗ್ರಾಮದೆದುರು ಇಟ್ಟು, ಇದು ಯೋಗ್ಯವೆಂದು ಒಪ್ಪಬೇಕು. ಟೊಮೆಟೊ ಹಣ್ಣು ಇಂದಿಗೂ ನಮ್ಮ ಬಾಗಿಲು ದಾಟಿಲ್ಲ. ಇದನ್ನು ಅವಳಿಗೆ ಕಲಿಸಿದವನು ನಾನು. ಕಡಲಾಚೆ ಒಂಟಿಯಾಗಿದ್ದುಕೊಂಡು ಅವಳು ಅದನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸಿದ್ದಳು.

ಡಾಕ್ಟರು ಬಂದರು. ಗುಣಸೇನ ಎಂಬ ಸಿಂಹಳ ವೃದ್ಧರು, ನನ್ನ ವಯಸ್ಸಿನವರೇ. ಅವರ ತಂದೆ ಹಳ್ಳಿಯ ವೈದ್ಯರು. ಬಾಲ್ಯದಲ್ಲಿ ಇವರಿಗೂ ವೈದ್ಯಶಾಸ್ತ್ರವನ್ನು ಸಂಸ್ಕೃತದಲ್ಲಿ ಕಂಠಪಾಠ ಮಾಡಿಸಿದ್ದರಂತೆ. ಇಂಗ್ಲಿಷಿನಲ್ಲಿ ಮಾತನಾಡುತ್ತ ನನ್ನ ಮುಖದಲ್ಲಿ ಅರ್ಥವಾಗದ್ದನ್ನು ಕಂಡು, ಒಮ್ಮೆಲೇ ಸಂಸ್ಕೃತಕ್ಕೆ ತಿರುಗಿದರು. ತಡೆದು ತಡೆದು, ವಿಭಕ್ತಿಗಳನ್ನು ಅಲ್ಲಲ್ಲಿ ಬಿಟ್ಟು, ಆದರೆ ತಿಳಿಯುವಂತೆ ಆಡಿದರು. ಆ ದಿನದಿಂದ ನಮ್ಮಿಬ್ಬರ ನಡುವೆ ದ್ವಿಭಾಷಿ ಬೇಕಾಗಲಿಲ್ಲ.

"ಇವಳು ಏನು ಉಣ್ಣುತ್ತಿದ್ದಳು?" ಎಂದು ಕೇಳಿದರು.

ಅಳಿಯ ಹೇಳಿದ, ನಾನು ಅನುವಾದಿಸಿದೆ. ಚಾತುರ್ಮಾಸ್ಯದ ಮೊದಲ ತಿಂಗಳು ಸೊಪ್ಪು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ಬಸುರಿಗೆ ರಿಯಾಯಿತಿ ಉಂಟೆಂದು ಅವಳಿಗೆ ಹೇಳುವ ಹಿರಿಯರು ಅಲ್ಲಿರಲಿಲ್ಲ. ಪೇಟೆಯ ತರಕಾರಿಯ ಬುಟ್ಟಿ ಮೀನಿನ ಬುಟ್ಟಿಯ ಪಕ್ಕದಲ್ಲಿರುವುದರಿಂದ ಉಳಿದ ದಿನಗಳಲ್ಲೂ ಅದು ವರ್ಜ್ಯ. ಗಿರಣಿಯ ಬಿಳಿ ಅಕ್ಕಿಯ ಗಂಜಿ, ಉಪ್ಪಿನಕಾಯಿ. ಹೇಳುತ್ತ ಹೇಳುತ್ತ ನನ್ನ ಧ್ವನಿ ತಗ್ಗಿತು.

ಡಾಕ್ಟರು ನಿಂದಿಸಲಿಲ್ಲ. ಜಗಲಿಯ ಬೆಂಚಿನ ಮೇಲೆ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಈ ಪಾಂಡುರೋಗವು ಗರ್ಭಿಣಿಯರಲ್ಲಿ ಬೇರೆ ಬಗೆಯದು. ರಕ್ತದ ಕಣಗಳು ಕಡಿಮೆಯಾಗುತ್ತವೆ, ಇರುವವು ಅಳತೆ ಮೀರಿ ದೊಡ್ಡವಾಗುತ್ತವೆ, ಆದರೆ ಬಲವಿರುವುದಿಲ್ಲ. ಇದಕ್ಕೆ ಪಶುವಿನ ಯಕೃತ್ತು ಮದ್ದೆಂದು ಪಶ್ಚಿಮದವರು ಕಂಡುಕೊಂಡು ಹೆಚ್ಚು ವರ್ಷಗಳಾಗಿಲ್ಲ. ಆ ಮಾತಿಗೆ ನಾನು ಕಿವಿ ಮುಚ್ಚಿಕೊಂಡೆ.

"ಇನ್ನೊಂದಿದೆ" ಎಂದರು ಅವರು. "ಅದು ಸಿಕ್ಕಿದ್ದು ನಿಮ್ಮ ಮುಂಬಯಿಯಲ್ಲೇ. ಅಲ್ಲಿಯ ಬಡ ಬಸುರಿಯರು ಬಿಳಿಚಿಕೊಂಡು ಸಾಯುವುದನ್ನು ಕಂಡು ಇಂಗ್ಲೆಂಡಿನ ವಿದುಷಿಯೊಬ್ಬಳು ಶೋಧಿಸಿದಳು. ಕ್ರಿಮಿಯಿಂದ ಬರುವ ರೋಗವೇ? ಅಲ್ಲ. ಹಾಗಾದರೆ ಅನ್ನದ್ದಿರಬೇಕು. ಆ ಹೆಂಗಸರು ತಿನ್ನುವಂಥ ಊಟವನ್ನೇ ಕೋತಿಗಳಿಗೆ ಕೊಟ್ಟು ನೋಡಿದಳು. ಕೋತಿಗಳೂ ಬಿಳಿಚಿಕೊಂಡವು. ಆಮೇಲೆ ನಿಮ್ಮ ಮಗಳು ಒಲ್ಲೆನೆನ್ನುವ ಈ ಕಪ್ಪು ಲೇಹ್ಯವನ್ನು ಕೊಟ್ಟಳು. ಚೇತರಿಸಿಕೊಂಡವು."

ಸೇತುವನ್ನು ದಾಟಿ ಬಂದವನಿಗೆ ಕೋತಿಗಳ ಮಾತು ಕೇಳಿ ಮನಸ್ಸಿನಲ್ಲಿ ಏನು ಮೂಡಿತೆಂಬುದನ್ನು ಓದುಗರು ಊಹಿಸಬಲ್ಲರು. ನಮ್ಮದೇ ಮುಂಬಯಿ ಪ್ರಾಂತದಲ್ಲಿ ಸಿಕ್ಕಿದ ಮದ್ದು. ನನ್ನ ಹಿರಿಯ ಮಗಳು ಹೋದಾಗ ಅದರ ಹೆಸರನ್ನೂ ನಾವು ಕೇಳಿರಲಿಲ್ಲ.

"ಮಾಂಸದ್ದೇ?" ಎಂದು ಕೇಳಿದೆ.

"ಅಲ್ಲ. ಸುರೆ ಹುದುಗುವಾಗ ತಳದಲ್ಲಿ ನಿಲ್ಲುವ ಮಡ್ಡಿಯ ಸಾರ."

"ಅದರಲ್ಲಿ ಯಾವ ಗುಣವಿದೆ?"

"ಇನ್ನೂ ಯಾರಿಗೂ ತಿಳಿಯದು. ಯಾವುದೋ ಒಂದು ಇದೆ. ಅದಕ್ಕೆ ಹೆಸರಿಲ್ಲ" ಎಂದರು.

ಯಕೃತ್ತಿನಷ್ಟು ಘೋರವಲ್ಲದಿದ್ದರೂ ಸುರೆಯ ಮಡ್ಡಿ ದೇವರ ಮುಂದೆ ಇಡತಕ್ಕ ವಸ್ತುವಲ್ಲ. ಎರಡು ದಿನ ನಾನು ನಿರ್ಣಯಿಸಲಾರದೆ ಹೋದೆ. ಆ ಎರಡು ದಿನವೂ ಸಾವಿತ್ರಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಅಳಿಯನ ಅಡಿಗೆಮನೆ

ಮೂರನೆಯ ಬೆಳಿಗ್ಗೆ ಜಪಕ್ಕೆ ಕುಳಿತಿದ್ದಾಗ ಉಪಾಯ ಹೊಳೆಯಿತು. ನಮ್ಮ ವೈದ್ಯದಲ್ಲಿ ವತ್ಸನಾಭಿಯಂಥ ವಿಷದ ಬೇರೂ ಮದ್ದಾಗುತ್ತದೆ. ಅದನ್ನು ಬಟ್ಟೆಯಲ್ಲಿ ಗಂಟುಕಟ್ಟಿ, ಹಸುವಿನ ಹಾಲು ತುಂಬಿದ ಪಾತ್ರೆಯಲ್ಲಿ ತೂಗುಬಿಟ್ಟು ಕುದಿಸುತ್ತೇವೆ. ದೋಷವು ಹಾಲಿಗಿಳಿಯುತ್ತದೆ, ಹಾಲನ್ನು ಚೆಲ್ಲುತ್ತೇವೆ, ಗಂಟಿನಲ್ಲಿ ಗುಣವು ಉಳಿಯುತ್ತದೆ. ಇದಕ್ಕೆ ಶೋಧನೆಯೆಂದು ಹೆಸರು. ಸುರೆಯ ದೋಷವನ್ನೂ ಹೀಗೆ ತೆಗೆದರೆ ದೇವರಿಗೆ ಅರ್ಪಿಸಲು ಅಡ್ಡಿಯೇನು? ನನ್ನ ಬುದ್ಧಿಯ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ನರ್ಸಮ್ಮನ ಕೈಯಿಂದ ಮಗಳು ತೆಗೆದುಕೊಳ್ಳಲಾರಳು, ನಾನೇ ಕೊಡುತ್ತೇನೆ ಎಂದು ಕೇಳಿದಾಗ ಡಾಕ್ಟರು ಸಂತೋಷದಿಂದ ಆ ಗಾಜಿನ ಭರಣಿಯನ್ನು ನನ್ನ ಕೈಗೇ ಕೊಟ್ಟರು. ದಿನಕ್ಕೆ ಎಷ್ಟು, ಎಷ್ಟು ಸಲ ಎಂದು ತೋರಿಸಿದರು. ಶೋಧನೆಯ ವಿಚಾರವನ್ನು ನಾನು ಎತ್ತಲಿಲ್ಲ. ಅದರಲ್ಲಿರುವ ಗುಣದ ಹೆಸರನ್ನೇ ತಿಳಿಯದವರನ್ನು ಅದರ ಸಂಸ್ಕಾರದ ಬಗ್ಗೆ ಕೇಳುವುದೇನು ಎಂದುಕೊಂಡೆ.

ಲೇಹ್ಯವು ಗಂಟಿನಲ್ಲಿ ನಿಲ್ಲುವಂತಿರಲಿಲ್ಲ. ಆದ್ದರಿಂದ ಅದನ್ನು ಊರಿಂದ ತಂದ ಹುರಿಹಿಟ್ಟಿನೊಡನೆ ಕಲಸಿ ಉಂಡೆ ಮಾಡಿದೆ. ಬಟ್ಟೆಯಲ್ಲಿ ಕಟ್ಟಿ, ಹಾಲಿನಲ್ಲಿ ತೂಗುಬಿಟ್ಟು, ಏಳು ಸಲ ಕುದಿಸಿದೆ. ಪ್ರತಿಸಲವೂ ಹಾಲನ್ನು ಹಿತ್ತಿಲಿಗೆ ಚೆಲ್ಲಿ ಹೊಸ ಹಾಲು ಹಾಕಿದೆ. ಅಳಿಯನು ನೋಡಿ, "ಮಾವಯ್ಯ, ಡಾಕ್ಟರು ಹಿಂಗೆ ಹೇಳಿದ್ರಾ?" ಎಂದ.

"ಡಾಕ್ಟರಿಗೆ ಔಷಧ ಗೊತ್ತಿದ್ದು, ಶೋಧನೆ ಗೊತ್ತಿಲ್ಲೆ" ಎಂದೆ.

ಅವನು ಪಾತ್ರೆ ತೆಗೆದುಕೊಂಡು ಹಾಲಿಗೆ ಹೋದ. ಪ್ರತಿದಿನ ಹಾಲು ತಂದುಕೊಟ್ಟ.

ಶುದ್ಧವಾದ ಉಂಡೆಯನ್ನು ತುಲಸಿಯೊಡನೆ ಸಾಲಿಗ್ರಾಮಕ್ಕೆ ನಿವೇದಿಸಿ, ಜೇನಿನಲ್ಲಿ ತೇಯ್ದು ಆಸ್ಪತ್ರೆಗೆ ಒಯ್ದೆ. "ನೈವೇದ್ಯ ಆಜಾ?" ಎಂದು ಸಾವಿತ್ರಿ ಕೇಳಿದಳು. "ಆಜು" ಎಂದೆ, ಆಗಿದೆಯೆಂದು. ಅದು ಯಾವುದರದ್ದೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಕೈಯೊಡ್ಡಿ ಇಸಿದುಕೊಂಡು ಕಣ್ಣಿಗೊತ್ತಿ ತಿಂದಳು. ವಾಸನೆಯೇ ಇಲ್ಲವಲ್ಲ ಅಪ್ಪಯ್ಯ ಎಂದು ನಕ್ಕಳು. ಹೀಗೆ ಎಂಟು ದಿನ ನಡೆಯಿತು.

ಹುಣ್ಣಿಮೆ

ಹುಣ್ಣಿಮೆಯ ದಿನ ಸಿಂಹಳದ ಭಕ್ತರು ಬಿಳಿಯ ಬಟ್ಟೆಯುಟ್ಟು, ಮಧ್ಯಾಹ್ನದ ಮೇಲೆ ಆಹಾರ ಬಿಟ್ಟು, ವಿಹಾರದಲ್ಲಿ ಕುಳಿತಿರುತ್ತಾರೆ. ನಮ್ಮ ಏಕಾದಶಿಯಂತೆಯೇ ಅದೂ, ಆದರೆ ಅವರು ಇಡೀ ಓಣಿಯವರು ಒಟ್ಟಿಗೆ ಹೊರಡುತ್ತಾರೆ. ಅಂದು ಡಾಕ್ಟರು ಬರಲಾರರೆಂದುಕೊಂಡಿದ್ದೆ. ಅಪರಾಹ್ನದಲ್ಲಿ ಬಂದರು, ಬಿಳಿಯ ಪಂಚೆ, ಹೆಗಲ ಮೇಲೆ ಬಿಳಿಯ ಶಾಲು, ಬರಿಗಾಲು. ನನ್ನನ್ನು ಜಗಲಿಗೆ ಕರೆದರು.

"ಪಂಡಿತರೇ, ಪ್ರತಿದಿನ ನಿಮ್ಮ ಮಗಳ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡುತ್ತಿದ್ದೇನೆ. ಈ ಮದ್ದು ಹತ್ತಿದರೆ ಆರೇಳು ದಿನಗಳಲ್ಲಿ ಎಳೆಯ ಕಣಗಳು ಹುಟ್ಟಬೇಕು. ಒಂದೂ ಇಲ್ಲ. ಇದ್ದ ಕಣಗಳೂ ಕಡಿಮೆಯಾಗಿವೆ. ನನ್ನ ನಿದಾನವೇ ತಪ್ಪಿರಬೇಕು. ಇನ್ನು ಕಾಯಲಾಗದು. ನಾಳೆಯಿಂದ ಯಕೃತ್ತಿನ ಸಾರವನ್ನು ಸೂಜಿಯಿಂದ ಕೊಡುತ್ತೇನೆ. ಅವಳ ಗಂಡ ಒಪ್ಪಿದ್ದಾನೆ. ನಿಮ್ಮನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ."

ಅವರು ಶಾಲನ್ನು ಸರಿಪಡಿಸಿಕೊಂಡು ಕೇಳಿದರು:

"ಲೇಹ್ಯವನ್ನು ತಪ್ಪದೆ ಕೊಡುತ್ತಿದ್ದಿರಷ್ಟೆ?"

"ಕೊಡುತ್ತಿದ್ದೆ" ಎಂದೆ.

ಅವರು ತಲೆಯಾಡಿಸಿ ಹೊರಡಲು ತಿರುಗಿದರು. ತಮ್ಮದೇ ವಿದ್ಯೆ ಸೋತಿತೆಂದು ನಂಬಿ, ಉಪವಾಸದ ಮೈಯಲ್ಲಿ ಅವರು ಮೆಟ್ಟಿಲು ಇಳಿಯುವುದನ್ನು ನೋಡಲಾರದೆ ಹೋದೆ.

"ಶುದ್ಧಿಮಾಡಿ ಕೊಡುತ್ತಿದ್ದೆ" ಎಂದೆ.

ಅವರು ನಿಂತರು. "ಶುದ್ಧಿ?"

ಎಲ್ಲವನ್ನೂ ಹೇಳಿದೆ. ಹುರಿಹಿಟ್ಟು, ಗಂಟು, ಏಳು ಸಲದ ಹಾಲು. ಅವರು ಹಿಂದಿರುಗಿ ಬೆಂಚಿನ ಮೇಲೆ ಕುಳಿತರು.

"ಮೊದಲ ಸಲ ಹಾಲು ಯಾವ ಬಣ್ಣಕ್ಕೆ ತಿರುಗುತ್ತಿತ್ತು?"

"ಕಂದು."

"ಏಳನೆಯ ಸಲ?"

"ಬೆಳ್ಳಗೇ ಉಳಿಯುತ್ತಿತ್ತು. ಅದರಿಂದಲೇ ಶುದ್ಧಿಯಾಯಿತೆಂದು ತಿಳಿಯುತ್ತಿದ್ದೆ."

"ಆಗ ಗಂಟಿನಲ್ಲಿ ಉಳಿದದ್ದು ಹಿಟ್ಟು ಮಾತ್ರ" ಎಂದರು. "ನನ್ನ ತಂದೆಯೂ ಹೀಗೆಯೇ ಮಾಡುತ್ತಿದ್ದರು. ವಿಷದ ಬೇರಿಗೆ ಅದು ಸರಿ. ಇದು ವಿಷವೆಂದು ನಿಮಗೆ ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ. ದೋಷವು ಇಳಿಯುತ್ತದೆಂದು ನಂಬಿದ್ದ ಹಾಲಿನಲ್ಲಿ ಗುಣವು ಇಳಿದುಹೋಗಿತ್ತು. ಅದನ್ನು ನಾನು ನನ್ನ ಕೈಯಿಂದಲೇ ಹಿತ್ತಿಲಿಗೆ ಚೆಲ್ಲಿದ್ದೆ. ಎಂಟು ದಿನ ಮಗಳಿಗೆ ತಿನ್ನಿಸಿದ್ದು ಹುರಿಹಿಟ್ಟು.

"ನನಗೆ ಆರು ದಿನ ಕೊಡಿ" ಎಂದೆ.

"ಆರು ದಿನ ಅವಳ ಬಳಿ ಇವೆಯೋ ಇಲ್ಲವೋ ನಾನು ಅರಿಯೆ." ಯೋಚಿಸಿ ಹೇಳಿದರು: "ಮೂರು ಕೊಡುತ್ತೇನೆ. ಮೂರನೆಯ ದಿನ ರಕ್ತ ಇನ್ನೂ ಇಳಿದರೆ ಸೂಜಿ. ಎರಡು ಪಟ್ಟು ಕೊಡಿ. ಈಗಲೇ ಮೊದಲುಮಾಡಿ."

ಅವರೇ ಹೋಗಿ ಹೊಸ ಭರಣಿಯನ್ನು ತಂದರು. ನಾನು ಆಸ್ಪತ್ರೆಯ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ತೊಳೆದು, ಆಚಮನ ಮಾಡಿ, ಜಗಲಿಯೆದುರಿನ ಮರದ ಕೆಳಗೆ ಪಂಚೆಯ ಸೆರಗು ಹಾಸಿ, ಹುಣ್ಣಿಮೆಯೆಂದು ಮಗಳಿಗೆ ತೋರಿಸಲು ತುಲಸಿಯೊಡನೆ ತಂದಿದ್ದ ದೇವರ ಪೆಟ್ಟಿಗೆಯನ್ನಿಟ್ಟೆ. ಲೇಹ್ಯವನ್ನು ಹಾಗೆಯೇ ತುಲಸಿಯ ದಳದ ಮೇಲೆ ತೆಗೆದೆ. ವಾಸನೆ ಕಟುವಾಗಿತ್ತು. ಮಂತ್ರಕ್ಕೆ ಮುಂಚೆ ಬಾಯಿಬಿಟ್ಟು ಹೇಳಿದೆ: ಸ್ವಾಮೀ, ಇದು ಸುರೆಯ ಮಡ್ಡಿಯ ಸಾರ. ಎಂಟು ದಿನ ಇದರ ಹೆಸರಿನಲ್ಲಿ ನಿನಗೆ ಹಿಟ್ಟು ಕೊಟ್ಟೆ. ಇದನ್ನು ಶುದ್ಧಿಮಾಡಿಲ್ಲ, ಮಾಡುವುದೂ ಇಲ್ಲ. ಇದ್ದಂತೆ ಇದನ್ನು ಒಪ್ಪಿಸಿಕೊ.

ಪ್ರಸಾದವನ್ನು ಮೊದಲು ನಾನು ತಿಂದೆ. ಉಪ್ಪು, ಕಹಿ, ಸುಟ್ಟ ರುಚಿ. ಉಳಿದದ್ದನ್ನು ಒಳಗೆ ಒಯ್ದೆ. "ನೈವೇದ್ಯ ಆಜು" ಎಂದೆ. ಸಾವಿತ್ರಿ ಮುಖ ಕಿವುಚಿದಳು, ನನ್ನನ್ನು ಒಮ್ಮೆ ನೋಡಿದಳು, ನುಂಗಿದಳು.

ಗಾಜಿನ ಕೊಳವೆ

ಮೂರನೆಯ ದಿನ ರಕ್ತ ಏರಲಿಲ್ಲ, ಆದರೆ ಇಳಿಯಲೂ ಇಲ್ಲ. ಡಾಕ್ಟರು ಸೂಜಿಯ ಪೆಟ್ಟಿಗೆಯನ್ನು ತೆರೆದಿಟ್ಟಿದ್ದರು, ನೋಡಿ ಮುಚ್ಚಿದರು.

ಆರನೆಯ ಬೆಳಿಗ್ಗೆ ನರ್ಸಮ್ಮ ಓಡುತ್ತ ಬಂದು ನನ್ನನ್ನು ಕರೆದಳು. ಡಾಕ್ಟರು ಕಿಟಕಿಯ ಬಳಿ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದರು. ಎದ್ದು ತಮ್ಮ ಪೀಠವನ್ನು ಕೊಟ್ಟರು. ಒಂದು ಕಣ್ಣು ಮುಚ್ಚುವುದು ನನಗೆ ಬರಲಿಲ್ಲ, ಅಂಗೈಯಿಂದ ಮುಚ್ಚಿಕೊಂಡೆ. ಮೊದಲು ನನ್ನ ರೆಪ್ಪೆಯ ಕೂದಲೇ ಕಂಡಿತು. ಬಳಿಕ ಬೆಳಕಿನ ಕೆರೆಯಲ್ಲಿ ಮಸುಕಾದ ದುಂಡು ಬಿಲ್ಲೆಗಳು, ಅಲ್ಲಲ್ಲಿ ಒಂದೊಂದರ ಒಳಗೆ ನೀಲಿಯ ಸಣ್ಣ ಬಲೆ, ಜೇಡ ಆಗತಾನೆ ನೇಯ್ದಂತೆ.

"ನೀಲಿ ಬಲೆಯಿರುವವು ಎಳೆಯವು" ಎಂದರು ಡಾಕ್ಟರು. "ನಿನ್ನೆ ಹುಟ್ಟಿದವು. ಎಣಿಸಿ."

ನಾನು ಎಣಿಸಿದೆ. ಹನ್ನೆರಡರ ಮೇಲೆ ಕಣ್ಣು ತೇವವಾಗಿ ಗಾಜು ಮಸುಕಾಯಿತು. ಡಾಕ್ಟರು ಅದನ್ನು ತಮ್ಮ ಬಟ್ಟೆಯಿಂದ ಒರೆಸಿದರು.

ಅಲ್ಲಿಂದ ಮುಂದೆ ದಿನದಿನಕ್ಕೆ ಅವಳ ತುಟಿಯಲ್ಲಿ ಬಣ್ಣ ಕಾಣತೊಡಗಿತು. ಹಸಿವಾಯಿತೆಂದಳು. ಅಳಿಯ ತೊಂಡೆಕಾಯಿ ತಂದ, ನಾನು ಅಡಿಗೆ ಮಾಡಿದೆ. ಎರಡು ವಾರ ಕಳೆಯುವ ಮೊದಲೇ, ತಿಂಗಳು ತುಂಬದೆ, ಅವಳಿಗೆ ಹೆರಿಗೆಯಾಯಿತು. ಹೆಣ್ಣುಮಗು. ಅಂಗೈಯಷ್ಟು ಮುಖ. ಮೂರನೆಯ ದಿನ ಸೂರ್ಯೋದಯದ ಹೊತ್ತಿಗೆ ಹೋಯಿತು.

ಸಾವಿತ್ರಿ ಉಳಿದಳು. ಹೆರಿಗೆಯಲ್ಲಿ ಹೋದ ರಕ್ತವನ್ನು ಹಿಂದಿನ ಸ್ಥಿತಿಯಲ್ಲಿ ಅವಳು ತಾಳುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರು. ನಾನು ಕೇಳಬೇಕಾದ್ದನ್ನು ಕೇಳಿದೆ: ಆ ಎಂಟು ದಿನ ವ್ಯರ್ಥವಾಗದಿದ್ದರೆ ಮಗು ಉಳಿಯುತ್ತಿತ್ತೆ? ಇಲ್ಲವೆಂದು ಹೇಳಿ ನನ್ನನ್ನು ಸಂತೈಸುವುದು ಅವರಿಗೆ ಸುಲಭವಿತ್ತು.

"ಗೊತ್ತಿಲ್ಲ" ಎಂದರು. "ಗೊತ್ತಿದ್ದರೆ ಹೇಳುತ್ತಿದ್ದೆ."

ಅವರ ಮೇಲೆ ನನಗಿದ್ದ ಗೌರವ ಆ ಮಾತಿನಿಂದ ಇಮ್ಮಡಿಸಿತು. ಸಿಂಹಳದಲ್ಲಿ ನಾನು ಕಂಡ ಪುಣ್ಯಕ್ಷೇತ್ರ ಯಾವುದೆಂದು ಯಾರಾದರೂ ಕೇಳಿದರೆ ಆ ಬೆಂಚನ್ನು ಹೇಳುತ್ತೇನೆ.

ಹೊರಡುವ ಹಿಂದಿನ ದಿನ

ಸಾವಿತ್ರಿಗೆ ಇನ್ನೂ ಎರಡು ತಿಂಗಳು ಲೇಹ್ಯ ಬೇಕಿತ್ತು. ನಾನು ಊರಿಗೆ ಹೊರಡಬೇಕಿತ್ತು. ಅಳಿಯನ ಮನೆಯ ಜಗಲಿಯಲ್ಲಿ ಅವಳು ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಎದೆಹಾಲು ಇನ್ನೂ ಬತ್ತಿರಲಿಲ್ಲ, ಸೆರಗನ್ನು ಬಿಗಿಯಾಗಿ ಹೊದ್ದಿದ್ದಳು. ನಾನು ಅಂದಿನ ಪ್ರಸಾದವನ್ನು ಚಮಚದಲ್ಲಿ ತೆಗೆದುಕೊಂಡು ಬಂದು ಎದುರು ಕುಳಿತೆ. ಹೇಳದೆ ಕಡಲು ದಾಟಲಾರೆನೆಂದು ನಿಶ್ಚಯಿಸಿದ್ದೆ.

"ಕೂಸೇ, ಮೊದಲ ಎಂಟು ದಿನ ಆನು ನಿಂಗೆ ಕೊಟ್ಟದ್ದು ಮದ್ದಲ್ಲ" ಎಂದು ಮೊದಲುಮಾಡಿ, ಹಾಲು, ಗಂಟು, ಹಿಟ್ಟು ಎಲ್ಲವನ್ನೂ ಹೇಳಿದೆ. ಮಗುವಿನ ವಿಚಾರದಲ್ಲಿ ಡಾಕ್ಟರು ಹೇಳಿದ ಎರಡು ಮಾತುಗಳನ್ನೂ ಹೇಳಿದೆ.

ಅವಳು ಅಳಲಿಲ್ಲ. ತನ್ನ ಉಗುರುಗಳನ್ನು ನೋಡಿಕೊಂಡಳು. ಉಗುರುಗಳು ಆಗ ಕೆಂಪಾಗಿದ್ದವು.

"ವಾಸನೆ ಇಲ್ಲೆ ಹೇಳಿ ನಕ್ಕಿದ್ದೆ ಆನು" ಎಂದಳು.

"ಹೌದು."

"ಎಂತದು ಹೇಳಿ ಕೇಳಿದ್ರೆ ನೀ ಹೇಳ್ತಿದ್ಯಾ?"

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. "ಇಲ್ಲೆ" ಎಂದೆ.

ಓಣಿಯಲ್ಲಿ ಎಳನೀರಿನ ಗಾಡಿಯೊಂದು ಹೋಯಿತು. ಬಳಿಕ ಅವಳು ಗಲ್ಲದಿಂದ ಚಮಚವನ್ನು ತೋರಿಸಿ ಕೇಳಿದಳು:

"ಈ ಕಪ್ಪು ಮದ್ದು ಎಂತರದ್ದು ಹೇಳಿ ದೇವರಿಗಾದ್ರೂ ಹೇಳಿದ್ಯಾ, ಅಪ್ಪಯ್ಯ?"

"ಹೇಳಿದ್ದೆ."

"ಹಂಗಾರೆ ಯಂಗೂ ಹೇಳು."

ಹೇಳಿದೆ. ಸುರೆಯೆಂಬ ಶಬ್ದವನ್ನು ಮಗಳ ಎದುರು ಜೀವಮಾನದಲ್ಲಿ ಮೊದಲ ಸಲ ಉಚ್ಚರಿಸಿದೆ. ಹುದುಗುವ ಪೀಪಾಯಿ, ತಳದ ಮಡ್ಡಿ, ಮುಂಬಯಿಯ ಬಿಳಿಚಿದ ಹೆಂಗಸರು, ಕೋತಿಗಳು. ಅದರೊಳಗಿನ ಹೆಸರಿಲ್ಲದ ಗುಣ. ನೀಲಿ ಬಲೆಯ ಕಣಗಳನ್ನು ಹನ್ನೆರಡರವರೆಗೆ ಎಣಿಸಿದ್ದು. ಅವಳು ನಡುವೆ ಎರಡು ಸಲ ತಡೆದು ಪ್ರಶ್ನೆ ಕೇಳಿದಳು. ಒಂದಕ್ಕೆ ಗೊತ್ತಿಲ್ಲವೆಂದೆ.

ಎಲ್ಲ ಮುಗಿದ ಮೇಲೆ ಅವಳು ಕಣ್ಣು ಮುಚ್ಚಿ ಕುಳಿತಳು. ಅವಳು ಬೇಡವೆಂದರೆ ನಾನು ಬಲವಂತಪಡಿಸಲಾರೆನೆಂಬುದು ನನಗೆ ಆಗ ತಿಳಿದಿತ್ತು.

ಅವಳು ಕಣ್ಣು ತೆರೆದು, ಬಲಗೈ ಚಾಚಿ, ಚಮಚವನ್ನು ನನ್ನಿಂದ ತೆಗೆದುಕೊಂಡಳು. ತಾನೇ ತಿಂದಳು.